ಕಮ್ಮಾರ್ತಿಯ ಚರ್ಚು ಯಾವುದು?

ಅಮೆರಿಕದ ಬಾಸ್ಟನ್ ಪಕ್ಕದ ನಮ್ಮ ಊರಿನಲ್ಲಿ ಆರ್ಮೇನಿಯನ್ನರ ಚರ್ಚು ಎರಡು. ಪ್ರಾರ್ಥನೆ ಒಂದೇ, ಸಂತರು ಅವರೇ, ಧೂಪವೂ ಒಂದೇ ಅಂಗಡಿಯದು. ಆದರೂ ಮೇಲಿನ ಚರ್ಚಿನವರು ಕೆಳಗಿನವರ ಮದುವೆಗೆ ಹೋಗುವುದಿಲ್ಲ, ಕೆಳಗಿನವರು ಮೇಲಿನವರ ಸಾವಿಗೂ ಹೋಗುವುದಿಲ್ಲ. ಮೂವತ್ತರ ದಶಕದಲ್ಲಿ ಯಾವ ಬಾವುಟ ಹಾರಿಸಬೇಕು, ಯಾವ ಬಿಷಪ್ಪರ ಮಾತು ಕೇಳಬೇಕು ಎಂದು ಹತ್ತಿಕೊಂಡ ಜಗಳ ಅದು. ಬೆಂಚು ಮುರಿದವು, ತಲೆ ಒಡೆದವು, ಅರ್ಧ ಜನ ಎದ್ದು ಹೋಗಿ ಗುಡ್ಡದ ಬುಡದಲ್ಲಿ ಬೇರೆ ಚರ್ಚು ಕಟ್ಟಿಕೊಂಡರು. ಎರಡರ ನಡುವೆ ಇರುವುದು ನನ್ನ ಬೇಕರಿ. ಕೊಚ್ಚಿದ ಮಾಂಸ ಬಳಿದು ಸುಟ್ಟ ತೆಳ್ಳನೆಯ ರೊಟ್ಟಿ, ಲಹ್ಮಜೂನ್, ಇಲ್ಲದೆ ಎರಡು ಪಂಗಡಕ್ಕೂ ಭಾನುವಾರ ಆಗುವುದಿಲ್ಲ. ಹಾಗಾಗಿ ಇಬ್ಬರೂ ನನ್ನ ಬಾಗಿಲಿಗೆ ಬರುತ್ತಾರೆ, ಒಬ್ಬರ ಮುಖ ಒಬ್ಬರು ನೋಡದೆ ಸಾಲಿನಲ್ಲಿ ನಿಲ್ಲುತ್ತಾರೆ, ಹೊಟ್ಟೆಯೊಳಗಿನ ವಿಷವನ್ನು ನನ್ನ ಗಲ್ಲಾದ ಮುಂದೆ ಕಾರಿ ಹೋಗುತ್ತಾರೆ.

ಸಾತೆನಿಗ್ ದೆಮಿರ್ಜಿಯನ್ ನನ್ನ ಅಂಗಡಿಯ ಮೇಲಿನ ಮಹಡಿಯಲ್ಲಿ ಅಪ್ಪ ಅಮ್ಮನ ಜೊತೆ ಇದ್ದಳು. ಎತ್ತರದ ಆಳು, ಒರಟು ಬಾಯಿ, ಬಲಗೈ ಹೆಬ್ಬೆರಳಿನಲ್ಲಿ ಎಂದೂ ತೊಳೆದು ಹೋಗದ ಮಸಿ. ನಲವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ನೋಡಲು ಬಂದ ಗಂಡುಗಳ ಮುಖವನ್ನು ಕಾಗದದ ಮೇಲೆ ಗೀಚಿ, ಅವರ ಕೈಗೇ ಕೊಟ್ಟು ಓಡಿಸುತ್ತಿದ್ದಳು ಎಂದು ಊರು ಹೇಳುತ್ತದೆ. ಅಂಥ ಚಿತ್ರ ಒಂದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಮೂಗಿಗೆ ಅವಳು ಅನ್ಯಾಯವೇನೂ ಮಾಡಿರಲಿಲ್ಲ.

ಅವಳ ಅಪ್ಪ ಬೋಗೋಸ್ ಕೆಳಗಿನ ಚರ್ಚಿನವನು, ಅಮ್ಮ ಯೆರಾನಿಗ್ ಮೇಲಿನ ಚರ್ಚಿನವಳು. ಮದುವೆಯಾದಾಗ ಊರಿನಲ್ಲಿದ್ದದ್ದು ಒಂದೇ ಚರ್ಚು. ಅದು ಒಡೆದಾಗ ಇಬ್ಬರೂ ತಂತಮ್ಮ ತವರಿನ ಕಡೆ ವಾಲಿದರು, ಮಂಚ ಮಾತ್ರ ಒಂದೇ ಉಳಿಯಿತು. ಪ್ರತಿ ಭಾನುವಾರ ಒಟ್ಟಿಗೆ ಮೆಟ್ಟಿಲಿಳಿದು ಬಂದು, ನನ್ನ ಬಾಗಿಲ ಮುಂದೆ ಒಬ್ಬರು ಗುಡ್ಡ ಹತ್ತುತ್ತಿದ್ದರು, ಒಬ್ಬರು ಇಳಿಯುತ್ತಿದ್ದರು. ಹುಡುಗಿಯನ್ನು ಒಂದು ವಾರ ಅಮ್ಮ ಎಳೆದುಕೊಂಡು ಹೋದರೆ ಮರುವಾರ ಅಪ್ಪ. ದೊಡ್ಡವಳಾದ ಮೇಲೆ ಒಂದು ಬೆಳಗ್ಗೆ ಅವಳು ಮೆಟ್ಟಿಲ ಮೇಲೆ ಕೂತು, "ನಾನು ಹಗ್ಗ ಅಲ್ಲ, ನೀವಿಬ್ರೂ ಎಳೆದಾಡೋಕೆ" ಎಂದಳು. ಅಲ್ಲಿಂದ ಮುಂದೆ ಯಾವ ಚರ್ಚಿಗೂ ಕಾಲಿಡಲಿಲ್ಲ. ಭಾನುವಾರ ಕಿಟಕಿಯ ಪಕ್ಕ ಕೂತು ಚಿತ್ರ ಬರೆಯುತ್ತಿದ್ದಳು.

ಮೊದಲು ಪತ್ರಿಕೆಗಳಿಗೆ ಬೂಟಿನ ಜಾಹೀರಾತು ಬರೆದಳು. ಆಮೇಲೆ ನ್ಯೂಯಾರ್ಕಿನ ಒಂದು ಕಾಮಿಕ್ಸ್ ಕಂಪನಿ ಅವಳನ್ನು ಹಿಡಿಯಿತು. ಮುಸುಕು ಹಾಕಿದ, ಆಕಾಶದಲ್ಲಿ ಹಾರುವ, ಕಟ್ಟಡ ಎತ್ತುವ ಮಹಾವೀರರ ಕತೆಗಳು. ಸಂಪಾದಕನ ಹೆಸರು ವಿಟ್ಲಾಕ್. ಅವನಿಗೆ ಸಾತೆನಿಗ್ ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲ, ಸ್ಯಾಡಿ ಎನ್ನುತ್ತಿದ್ದ. ಪುಸ್ತಕದಲ್ಲಿ ಅವಳ ಹೆಸರು 'ಎಸ್. ಡೆಮಿರ್' ಎಂದು ಅಚ್ಚಾಗುತ್ತಿತ್ತು. ಓದುವ ಹುಡುಗರೆಲ್ಲ ಯಾವನೋ ಗಂಡಸು ಎಂದುಕೊಂಡಿದ್ದರು.

ಎಪ್ಪತ್ತರ ದಶಕದ ನಡುವೆ, ನಮ್ಮೂರ ಗಿರಣಿಗಳು ಒಂದೊಂದಾಗಿ ಬೀಗ ಹಾಕಿಕೊಳ್ಳುತ್ತಿದ್ದಾಗ, ಕಂಪನಿ ಒಬ್ಬ ಹೊಸ ವೀರ ಹೆಂಗಸನ್ನು ತಂದಿತು. ಕತೆ ಬರೆಯುವವನು ಬೇರೆ ಇದ್ದ, ರೂಪ ಕೊಟ್ಟವಳು ಸಾತೆನಿಗ್. ಮುಖ ಪೂರ್ತಿ ಮುಚ್ಚುವ ಕಬ್ಬಿಣದ ಶಿರಸ್ತ್ರಾಣ, ಕೈಯಲ್ಲಿ ಸುತ್ತಿಗೆ. ಅವಳ ಇಂಗ್ಲಿಷ್ ಹೆಸರು ಬಿಡಿ, ನಾವೆಲ್ಲ ಅವಳನ್ನು ಕಮ್ಮಾರ್ತಿ ಎಂದೇ ಕರೆದೆವು. ದೆಮಿರ್ಜಿಯನ್ನರು ಮೂಲತಃ ತುರ್ಕಿಯ ಖಾರ್ಪೆರ್ತ್ ಕಡೆಯ ಕಮ್ಮಾರರು. ಅಲ್ಲಿನ ಗುಹೆಯೊಂದರಲ್ಲಿ ಕೆಟ್ಟ ರಾಜನೊಬ್ಬ ಸಂಕೋಲೆಯಲ್ಲಿದ್ದಾನೆ, ನಾಯಿಗಳು ಆ ಸಂಕೋಲೆಯನ್ನು ನೆಕ್ಕಿ ನೆಕ್ಕಿ ಸವೆಸುತ್ತವೆ, ಅದು ತುಂಡಾಗದ ಹಾಗೆ ಕಮ್ಮಾರರು ಕೆಲಸ ಮುಗಿದ ಮೇಲೂ ಬರಿಯ ಅಡಿಗಲ್ಲಿಗೆ ಸುತ್ತಿಗೆಯಿಂದ ಮೂರು ಏಟು ಹಾಕಬೇಕು ಎಂದು ಅವಳ ಅಜ್ಜಿ ಹೇಳುತ್ತಿದ್ದಳು. ಸಾತೆನಿಗ್ ಬರೆದ ಕಮ್ಮಾರ್ತಿ ಪ್ರತಿ ಯುದ್ಧಕ್ಕೆ ಮುಂಚೆ ನೆಲಕ್ಕೆ ಮೂರು ಸಲ ಬಡಿಯುತ್ತಿದ್ದಳು. ವಿಟ್ಲಾಕ್‌ಗೆ ಅದು ಬಹಳ ಹಿಡಿಸಿತು. ಯಾಕೆ ಮೂರು ಎಂದು ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ.

ಒಂದು ಕತೆಯಲ್ಲಿ ಕಮ್ಮಾರ್ತಿಯ ಜೊತೆಗಾರ ಸಾಯುತ್ತಾನೆ. 'ಅವಳು ಮಾಳಿಗೆಯ ಮೇಲೆ ಒಬ್ಬಳೇ ಅಳುತ್ತಾಳೆ' ಎಂದು ಬರಹಗಾರ ಬರೆದು ಕಳಿಸಿದ್ದ.

"ಎಲ್ಲಾ ವೀರರೂ ಮಾಳಿಗೆ ಮೇಲೇ ಅಳ್ತಾರೆ," ಎಂದಳು ಸಾತೆನಿಗ್, ನನ್ನ ಅಂಗಡಿಯಲ್ಲಿ ನಿಂತು ರೊಟ್ಟಿ ಹರಿಯುತ್ತ. "ಇಷ್ಟು ದೊಡ್ಡ ಊರಲ್ಲಿ ಅಳೋಕೆ ಬೇರೆ ಜಾಗ ಇಲ್ವಾ?"

ಅವಳು ಇಡೀ ಪುಟವನ್ನು ಒಂದೇ ಚಿತ್ರ ಮಾಡಿದಳು. ಕಲ್ಲಿನ ಚಿಕ್ಕ ಚರ್ಚು, ಕೆತ್ತಿದ ಶಿಲುಬೆಗಲ್ಲು, ಎತ್ತರದಲ್ಲಿ ದುಂಡನೆಯ ಕಿಟಕಿ. ಕಮ್ಮಾರ್ತಿ ಶಿರಸ್ತ್ರಾಣವನ್ನು ಕಂಕುಳಲ್ಲಿಟ್ಟುಕೊಂಡು, ತಲೆಗೆ ವಸ್ತ್ರ ಹೊದ್ದು, ಮರಳಿನ ತಟ್ಟೆಯಲ್ಲಿ ಮೇಣದಬತ್ತಿ ನೆಡುತ್ತಿದ್ದಾಳೆ. ನಮಗೆ ಕಾಣುವುದು ಕೆನ್ನೆಯ ಒಂದು ಅಂಚು, ಕಪ್ಪು ಹುಬ್ಬು, ಅಷ್ಟೇ. ಮಾತಿಲ್ಲ. ಪುಟ ಕಳಿಸಿದ್ದು ತಡವಾಗಿತ್ತು, ವಿಟ್ಲಾಕ್ ಸರಿಯಾಗಿ ನೋಡದೆ ಅಚ್ಚಿಗೆ ಹಾಕಿದ.

ಮೊದಲ ವಾರ ಹಬ್ಬ. ಪತ್ರಿಕೆಗಳನ್ನೂ ಮಾರುವ ಮೂಲೆಯ ಔಷಧಿ ಅಂಗಡಿಯಲ್ಲಿದ್ದ ಪ್ರತಿಗಳೆಲ್ಲ ಖಾಲಿಯಾದವು. ಜೀವಮಾನದಲ್ಲಿ ಕಾಮಿಕ್ಸ್ ಮುಟ್ಟದ ಮುದುಕಿಯರು ಆ ಪುಟವನ್ನು ಕಣ್ಣಿಗೊತ್ತಿಕೊಂಡರು. "ನಮ್ಮೋಳು ಕಣ್ರೀ, ಆ ಹುಬ್ಬು ನೋಡಿ!" ಎಂದು ನನ್ನ ಅಂಗಡಿಯಲ್ಲಿ ಮೇಲಿನವರು ಕೆಳಗಿನವರು ಒಬ್ಬರಿಗೊಬ್ಬರು ಹೇಳಿದರು. ಇವರು ಮಾತಾಡಿದ್ದನ್ನು ಕಂಡು ನನಗೆ ಭಯವಾಯಿತು.

ಭಯ ಸುಳ್ಳಾಗಲಿಲ್ಲ. ಎರಡನೆಯ ವಾರ, ಮೇಲಿನ ಚರ್ಚಿನ ಅಧ್ಯಕ್ಷ ಖೋರೆನ್ ಬೆದಿಗಿಯನ್ ಪುಸ್ತಕವನ್ನು ನನ್ನ ಗಲ್ಲಾದ ಮೇಲೆ ಹರವಿ ಬೆರಳಿಟ್ಟ.

"ನೋಡಿ, ದುಂಡು ಕಿಟಕಿ. ಎಂಟು ದಳ. ಇದು ನಮ್ಮ ಚರ್ಚಿಂದು. ನಮ್ಮಪ್ಪನೇ ಹಾಕ್ಸಿದ್ದು."

ಹಿಂದೆ ನಿಂತಿದ್ದವಳು ಆರ್ಪಿ, ಕೆಳಗಿನ ಚರ್ಚಿನ ಮಹಿಳಾ ಸಂಘದವಳು. "ನಿಮ್ಮ ಕಿಟಕಿ ಹಾಳಾಗ್ಲಿ. ಮರಳಿನ ತಟ್ಟೆ ನೋಡ್ರೀ. ಸಿಂಹದ ಕಾಲಿದೆ. ಸಿಂಹದ ಕಾಲಿನ ತಟ್ಟೆ ಇರೋದು ನಮ್ಮಲ್ಲಿ."

"ಇರತ್ತೆ, ಯಾಕಿರಲ್ಲ? ಜಗಳದ ದಿನ ನಮ್ಮ ಚರ್ಚಿಂದ ನೀವು ಹೊತ್ಕೊಂಡು ಹೋಗಿದ್ದು ಅದು!"

"ಹೊತ್ಕೊಂಡು ಹೋಗಿದ್ದೇ ತಪ್ಪಾಯ್ತು. ನಿಮ್ಮ ಬುರುಡೆ ಮೇಲೆ ಹಾಕ್ಬೇಕಿತ್ತು."

"ಹಾಕೋಕೆ ನಿಮ್ಮ ಗಂಡಸರ ತೋಳಲ್ಲಿ ಶಕ್ತಿ ಇರ್ಲಿಲ್ವಲ್ಲ ಆರ್ಪಿ, ಓಡೋಕೆ ಕಾಲಲ್ಲಿ ಮಾತ್ರ ಇತ್ತು."

ಆರ್ಪಿ ಕೈಯಲ್ಲಿದ್ದ ಬಿಸಿ ರೊಟ್ಟಿಯ ಪೊಟ್ಟಣದಿಂದಲೇ ಅವನ ಎದೆಗೆ ಬಡಿದಳು. ಕೋಟಿನ ಮೇಲೆ ಮಾಂಸ, ಟೊಮೆಟೊ. ಸಾಲಿನಲ್ಲಿದ್ದ ಗಂಡಸರು ತೋಳೇರಿಸಿದರು. ನಾನು ಒಲೆಗೆ ರೊಟ್ಟಿ ಹಾಕುವ ಉದ್ದ ಹಲಗೆ ಎಳೆದು ನಡುವೆ ನಿಲ್ಲದೆ ಹೋಗಿದ್ದರೆ ಗಾಜಿನ ಕಪಾಟು ಅವತ್ತೇ ಪುಡಿಯಾಗುತ್ತಿತ್ತು.

ಕಮ್ಮಾರ್ತಿಯ ಚರ್ಚು ಯಾವುದು? ಊರಿಗೆ ಬೇರೆ ಮಾತೇ ಇಲ್ಲವಾಯಿತು. ಮೇಲಿನ ಫಾದರ್ ಪ್ರವಚನದಲ್ಲಿ 'ನಮ್ಮ ಕಿಟಕಿಯ ಬೆಳಕಲ್ಲಿ ನಿಂತ ಹೆಣ್ಣು' ಎಂದರು, ಕೆಳಗಿನ ಫಾದರ್ 'ನಮ್ಮ ದೀಪ ಹಚ್ಚಿದ ಕೈ' ಎಂದರು. ದೆಮಿರ್ಜಿಯನ್ನರ ಮನೆಯಲ್ಲಂತೂ ದಿನವೂ ಯುದ್ಧ.

"ಅಪ್ಪನ ಚರ್ಚಿನ ತಟ್ಟೆ ಬರೆದಿದೀಯ, ನನ್ನ ಹೊಟ್ಟೇಲಿ ಹುಟ್ಟಿ," ಎಂದು ಯೆರಾನಿಗ್ ಮಗಳ ಜೊತೆ ಮಾತು ಬಿಟ್ಟಳು.

"ಕಿಟಕಿ ಅವರದ್ದು ಮಾಡಿದೀಯಲ್ಲೇ, ಕಿಟಕಿ ದೊಡ್ಡದೋ ತಟ್ಟೆ ದೊಡ್ಡದೋ?" ಎಂದು ಬೋಗೋಸ್ ಊಟ ಬಿಟ್ಟ. ಊಟ ಎಂದರೆ ಮನೆಯ ಊಟ. ನನ್ನ ಅಂಗಡಿಯಲ್ಲಿ ಎರಡು ಪಾಲು ತಿನ್ನುತ್ತಿದ್ದ.

ಒಂದು ಸಂಜೆ ಖೋರೆನ್ ಇಬ್ಬರು ಸದಸ್ಯರನ್ನು ಕಟ್ಟಿಕೊಂಡು ಮೇಲಿನ ಮಹಡಿಗೆ ಹೋದ. ಯೆರಾನಿಗ್ ಕಾಫಿಯ ಜೊತೆಗೆ ಕೊಡಲು ಏನಾದರೂ ತಾ ಎಂದು ನನ್ನನ್ನೂ ಕರೆದಿದ್ದಳು. ಸಾತೆನಿಗ್ ಚಿತ್ರ ಬರೆಯುವ ಹಲಗೆಯ ಮುಂದಿನಿಂದ ಏಳಲಿಲ್ಲ.

"ಮಗಳೇ, ಒಂದು ಸಣ್ಣ ವಿಷಯ," ಎಂದ ಖೋರೆನ್.

"ಸಣ್ಣ ವಿಷಯಕ್ಕೆ ಮೂರು ಜನ ಕೋಟು ಹಾಕ್ಕೊಂಡು ಬರ್ತಾರಾ?"

"ಮುಂದಿನ ಪುಸ್ತಕದಲ್ಲಿ ಆ ತಟ್ಟೆ ತೆಗೆದುಬಿಡು. ಇವಳು ಗುಡ್ಡದ ಮೇಲಿನ ಚರ್ಚಿನ ಮಗಳು ಅಂತ ಎಲ್ಲಾದ್ರೂ ಒಂದು ಮಾತು ಸೇರ್ಸು. ಸಾಕು."

"ಅವಳು ಯಾವ ಗುಡ್ಡಾನೂ ಹತ್ತಿಲ್ಲ. ಅದು ಖಾರ್ಪೆರ್ತ್ ಕಡೆ ನಮ್ಮಜ್ಜಿ ಊರಿನ ಚರ್ಚು. ಅಜ್ಜಿ ಹೇಳಿದ್ದನ್ನ ಬರ್ದೆ. ಕಿಟಕಿ ಹೇಗಿತ್ತು ಅಂತ ಅವಳಿಗೆ ನೆನಪಿರ್ಲಿಲ್ಲ, ನಿಮ್ದು ತಗೊಂಡೆ. ತಟ್ಟೆ ನೆನಪಿರ್ಲಿಲ್ಲ, ಅವರದ್ದು ತಗೊಂಡೆ. ಬೇರೆ ಚರ್ಚು ನಾನೆಲ್ಲಿ ನೋಡಿದೀನಿ?"

"ತುರ್ಕರು ಆ ಚರ್ಚು ಸುಟ್ಟು ಬೂದಿ ಮಾಡಿ ಅರವತ್ತು ವರ್ಷ ಆಯ್ತಮ್ಮ. ಇರೋ ಚರ್ಚಿನ ಮರ್ಯಾದೆ ಮಾತಾಡ್ತಿದೀನಿ ನಾನು."

"ಸುಟ್ಟೋರು ಒಳಗಿರೋರನ್ನ ನಿಮ್ಮ ಬಿಷಪ್ ಯಾರು ಅಂತ ಕೇಳಿ ಸುಟ್ರಾ?"

ಖೋರೆನ್ ಬಟ್ಟಲು ಕೆಳಗಿಟ್ಟು, ಯೆರಾನಿಗ್ ಕಡೆ ತಿರುಗಿ, "ಥೇಟ್ ಅಪ್ಪನ ಬುದ್ಧಿ," ಎಂದ. "ಮದುವೆ ಇಲ್ಲ, ಮಕ್ಕಳಿಲ್ಲ, ಚರ್ಚಿಲ್ಲ. ಚಡ್ಡಿ ಮೇಲೆ ಚಡ್ಡಿ ಹಾಕೋ ಗಂಡಸರ ಚಿತ್ರ ಬರ್ಕೊಂಡು ಕೂತಿರೋಳು ನಮಗೆ ದೇವರ ಪಾಠ ಹೇಳ್ತಾಳೆ!"

ಸಾತೆನಿಗ್ ಎದ್ದಳು. ಕೈಯಲ್ಲಿ ಮಸಿಯ ಬಾಟಲಿ ಇತ್ತು, ಮುಚ್ಚಳ ತೆರೆದಿತ್ತು. "ಹೊರಡಿ. ಇನ್ನೊಂದು ಮಾತಾಡಿದ್ರೆ ಆ ಕೋಟಿಗೆ ಈ ಬಣ್ಣಾನೂ ಆಗತ್ತೆ."

ಅದೇ ವಾರ ಅವಳ ಕಿಟಕಿಗೆ ಕಲ್ಲು ಬಿತ್ತು. ಯಾರು ಎಸೆದರೆಂದು ಇವತ್ತಿಗೂ ಗೊತ್ತಿಲ್ಲ. ಎರಡು ಪಂಗಡದವರೂ ಇನ್ನೊಬ್ಬರ ಕಡೆ ಕೈ ತೋರಿಸಿದರು. ಒದ್ದೆಯಾಗಿದ್ದ ಪುಟದ ತುಂಬ ಗಾಜು. ನಾನು ಪೊರಕೆ ತೆಗೆದುಕೊಂಡು ಹೋದಾಗ ಅವಳು ನೆಲದ ಮೇಲೆ ಕೂತು ಚೂರು ಹೆಕ್ಕುತ್ತಿದ್ದಳು. ಬಹಳ ದಿನದಿಂದ ನಾಲಿಗೆಯ ತುದಿಯಲ್ಲಿದ್ದ ಮಾತು ನನ್ನ ಬಾಯಿಂದ ಬಂತು.

"ಸಾತೆನಿಗ್, ನೀನು ದೇವರನ್ನ ನಂಬ್ತೀಯೇನೇ?"

"ನನ್ನ ವಿಷಯ ಬಿಡು ಝಾರೂಹಿ. ಅವಳು ನಂಬ್ತಾಳೆ." ಅವಳೆಂದರೆ ಕಮ್ಮಾರ್ತಿ. "ಈ ವೀರರೆಲ್ಲ ದಿನಾ ಆಕಾಶದಲ್ಲಿ ಹಾರಾಡ್ತಾರೆ, ಸಾಯ್ತಾರೆ, ಮತ್ತೆ ಎದ್ದು ಬರ್ತಾರೆ. ಅಷ್ಟು ಮೇಲೆ ಹೋದೋರು ಒಬ್ರಾದ್ರೂ ಕತ್ತೆತ್ತಿ, ಅಲ್ಲಿ ಯಾರಾದ್ರೂ ಇದೀರಾ ಅಂತ ಕೇಳ್ಬೇಡ್ವಾ? ನನಗೆ ಅದೇ ಸೋಜಿಗ. ಇವಳೊಬ್ಳಾದ್ರೂ ಕೇಳ್ಲಿ ಅನ್ಸ್ತು."

ಆಮೇಲೆ ಬೆರಳಿನ ರಕ್ತ ನೋಡಿಕೊಂಡು, "ಪೊರಕೆ ಸರಿಯಾಗಿ ಆಡ್ಸು, ಮಾತಾಡ್ಬೇಡ," ಎಂದಳು.

ಬೈಗುಳದ ಕರೆಗಳು ಹೆಚ್ಚಾಗಿ ಅವರ ಮನೆಯ ಫೋನು ತೆಗೆಸಿದ್ದರು. ಹಾಗಾಗಿ ವಿಟ್ಲಾಕ್ ನನ್ನ ಅಂಗಡಿಗೆ ಫೋನು ಮಾಡಿದ. ಅವನ ಕಿರುಚಾಟ ಒಲೆಯ ತನಕ ಕೇಳುತ್ತಿತ್ತು. ಎರಡೂ ಚರ್ಚಿನವರು ಕಂಪನಿಗೆ ಫೋನಿನ ಮೇಲೆ ಫೋನು ಹಚ್ಚಿದ್ದರಂತೆ. ಅದು ಸಾಲದೆಂದು ದಕ್ಷಿಣದ ಯಾವುದೋ ಊರಿನ ಪಾದ್ರಿ 'ಪರದೇಶದ ವಿಗ್ರಹಪೂಜೆ ನಮ್ಮ ಮಕ್ಕಳಿಗೆ ಬೇಡ' ಎಂದು ಅಲ್ಲಿನ ಅಂಗಡಿಯಿಂದ ಪುಸ್ತಕದ ಕಟ್ಟನ್ನೇ ವಾಪಸು ಮಾಡಿಸಿದ್ದ. ಮುಂದಿನ ಸಂಚಿಕೆಯಲ್ಲಿ ಕಮ್ಮಾರ್ತಿ, 'ನನಗೆ ದೇವರೂ ಇಲ್ಲ ದಿಂಡರೂ ಇಲ್ಲ, ಅವತ್ತು ಮಳೆ ಬರುತ್ತಿತ್ತು, ಒಳಗೆ ಹೋಗಿದ್ದೆ' ಎಂದು ಹೇಳಬೇಕು. ಅಷ್ಟು ಬರೆದು ಕಳಿಸು ಎಂದ.

"ನಾನೇ ಬರ್ತೀನಿ," ಎಂದು ಸಾತೆನಿಗ್ ಫೋನಿಟ್ಟಳು.

ಸೋಮವಾರ ಅಂಗಡಿಗೆ ರಜ, ನಾನೂ ಅವಳ ಜೊತೆ ಬಸ್ಸು ಹತ್ತಿದೆ. ಮಹಾವೀರರ ಕಾರ್ಖಾನೆ ಅರಮನೆಯಂತೆ ಇರಬಹುದೆಂದುಕೊಂಡಿದ್ದೆ. ಇದ್ದದ್ದು ತುಂಬಿ ಚೆಲ್ಲುತ್ತಿದ್ದ ಬೂದಿ ತಟ್ಟೆಗಳು, ಇಕ್ಕಟ್ಟಾದ ಮೇಜುಗಳು, ಟೈ ಸಡಿಲಿಸಿಕೊಂಡ ಗಂಡಸರು. ವಿಟ್ಲಾಕ್ ಸಾತೆನಿಗಿಗಿಂತ ಚಿಕ್ಕವನು. ಅವನ ಮೇಜಿನ ಮೇಲೆ ಅದೇ ಮೇಣದಬತ್ತಿಯ ಪುಟ, ಅವಳ ಕೈಯಿಂದ ಹೋದ ಮೂಲಚಿತ್ರ.

"ಸ್ಯಾಡಿ! ಇಷ್ಟಕ್ಕೆಲ್ಲಾ ಇಷ್ಟು ದೂರ ಬರೋದಾ?"

"ನನ್ನ ಹೆಸರು ಸಾತೆನಿಗ್. ಒಂದ್ಸಲ ಅಂದು ನೋಡು, ಹಲ್ಲು ಉದುರಲ್ಲ."

ಅವನು ನಕ್ಕ. "ನೋಡು, ನಮ್ಮ ವೀರರಿಗೆ ಧರ್ಮ ಇಲ್ಲ. ಅದಕ್ಕೇ ಎಲ್ಲಾ ಮನೆ ಮಕ್ಕಳೂ ಕೊಂಡ್ಕೊಳ್ತಾರೆ. ಇದು ನಿನಗೆ ಗೊತ್ತಿರೋ ವಿಷಯಾನೇ."

"ಧರ್ಮ ಇಲ್ವಾ? ಪ್ರತಿ ಡಿಸೆಂಬರ್ ಬಂತು ಅಂದ್ರೆ ಅಷ್ಟೂ ಜನಾನ ಮರದ ಸುತ್ತ ನಿಲ್ಸಿ ಉಡುಗೊರೆ ಹಂಚಿಸ್ತೀಯಲ್ಲ, ಅದೇನು?"

"ಅದು ಧರ್ಮ ಅಲ್ಲ, ಹಬ್ಬ. ಎಲ್ಲರದ್ದೂ."

"ನಮ್ಮ ಕ್ರಿಸ್ಮಸ್ ಜನವರಿ ಆರಕ್ಕೆ."

"ಅದನ್ನ ಯಾರು ಕೇಳಿದ್ರು?"

"ಯಾರೂ ಕೇಳಿಲ್ಲ. ನಾನೂ ಹೇಳಿಲ್ಲ. ಒಂದು ಬತ್ತಿ ಹಚ್ಚಿಸ್ದೆ, ಅಷ್ಟೇ. ಅವಳು ಉಪದೇಶ ಮಾಡಿದ್ಲಾ? ಯಾರ ತಲೆಗಾದ್ರೂ ನೀರು ಹಾಕಿ ದೀಕ್ಷೆ ಕೊಟ್ಲಾ?"

ವಿಟ್ಲಾಕ್‌ನ ನಗು ಹೋಯಿತು. "ನಿನ್ನ ಜನರೇ ಬೆಳಗಿಂದ ಸಂಜೆ ತನಕ ಫೋನ್ ಮಾಡಿ ನನ್ನ ಪ್ರಾಣ ತಿಂತಾರೆ. ಒಬ್ಬ ಈ ಚರ್ಚು ಅಂತಾನೆ, ಇನ್ನೊಬ್ಳು ಆ ಚರ್ಚು ಅಂತಾಳೆ. ಇಬ್ರೂ ನಿನ್ನ ತೆಗೆದುಹಾಕಿ ಅಂತಾರೆ. ನಿನ್ನೋರಿಗೇ ನೀನು ಬೇಡ, ನಾನ್ಯಾಕೆ ನಿನ್ನ ದೇವರನ್ನ ಹೊತ್ಕೊಂಡು ತಿರುಗಲಿ?"

ಅವಳ ಕಿವಿ ಕೆಂಪಾದವು. ತೆಗೆದುಹಾಕಿ ಎಂದು ಎರಡೂ ಕಡೆಯವರು ಹೇಳಿದ್ದರೆಂದು ಅವಳಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನನ್ನ ರೊಟ್ಟಿ ತಿಂದ ಬಾಯಿಗಳೇ ಅವು.

"ಮಳೆಯ ಮಾತು ಬರೀತೀಯೋ ಇಲ್ವೋ?" ಎಂದ ಅವನು.

"ಇಲ್ಲ."

"ಸರಿ, ಬೇರೆಯವನು ಬರೀತಾನೆ. ಅವಳು ನಿನ್ನ ಮಗಳಲ್ಲ, ಕಂಪನಿ ಸ್ವತ್ತು."

ಸಾತೆನಿಗ್ ಮೇಜಿನ ಮೇಲಿದ್ದ ಪುಟವನ್ನು ಎತ್ತಿಕೊಂಡಳು. ಆ ಕಾಲದಲ್ಲಿ ಮೂಲಚಿತ್ರವೂ ಕಂಪನಿಯದೇ, ಬರೆದವರಿಗೆ ಕೊಡುತ್ತಿರಲಿಲ್ಲ. ಅವಳು ಅದನ್ನು ಕೋಟಿನೊಳಗೆ ಸೇರಿಸಿ ಗುಂಡಿ ಹಾಕಿದಳು.

"ಅದು ಕಳ್ಳತನ!" ಎಂದು ಅವನು ಎದ್ದ.

"ಪೊಲೀಸ್ ಕರಿ. ಕದ್ದೋರ ಹೆಸರು ಏನು ಅಂತ ಕೇಳ್ತಾರೆ. ಅವಾಗಾದ್ರೂ ನನ್ನ ಹೆಸರು ಕಲೀತೀಯ."

ಯಾರೂ ಪೊಲೀಸರನ್ನು ಕರೆಯಲಿಲ್ಲ. ಬಸ್ಸಿನಲ್ಲಿ ಅವಳು ಬಾಸ್ಟನ್ ಬರುವವರೆಗೆ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು.

ಕಂಪನಿ ಸಾತೆನಿಗಿಗೆ ಮತ್ತೆ ಕೆಲಸ ಕೊಡಲಿಲ್ಲ. ಮುಂದಿನ ಸಂಚಿಕೆ ಬಂತು. ಕಮ್ಮಾರ್ತಿ ಶಿರಸ್ತ್ರಾಣ ತೆಗೆದಿದ್ದಳು. ಒಳಗೆ ಚಿನ್ನದ ಬಣ್ಣದ ಕೂದಲು, ಎತ್ತರಿಸಿದಂಥ ಪುಟಾಣಿ ಮೂಗು. 'ಮಳೆ ಬರುತ್ತಿತ್ತು' ಎಂದಳು. ಆ ಡಿಸೆಂಬರಿನಲ್ಲಿ ಮರದ ಸುತ್ತ ನಿಂತವರ ಸಾಲಿನಲ್ಲಿ ಅವಳೂ ಇದ್ದಳು. ನೆಲಕ್ಕೆ ಮೂರು ಏಟು ಬಡಿಯುವುದು ನಿಂತುಹೋಗಿತ್ತು. ವರ್ಷ ತುಂಬುವುದರೊಳಗೆ ಯಾವುದೋ ಗ್ರಹ ಸಿಡಿಸಿ ಅವಳನ್ನು ಕೊಂದು ಮುಗಿಸಿದರು.

ಊರಿನ ನಾಲಿಗೆ ಈಗ ಇನ್ನೊಂದು ಕಡೆ ಹೊರಳಿತು. ತೆಗೆದುಹಾಕಿ ಎಂದು ಫೋನು ಮಾಡಿದವರೇ, "ಅಯ್ಯೋ, ನಮ್ಮ ಹುಡುಗೀನ ಕೆಲಸದಿಂದ ತೆಗೆದ್ರಲ್ಲ! ಧರ್ಮ ಬಿಡಲ್ಲ ಅಂದಿದ್ದಕ್ಕೆ!" ಎಂದು ಎದೆ ಬಡಿದುಕೊಂಡರು. ಮೇಲಿನ ಚರ್ಚು ಅವಳಿಗೆ ಸನ್ಮಾನದ ಔತಣ ಇಟ್ಟಿತು. ಅದು ಕಿವಿಗೆ ಬಿದ್ದ ಕೂಡಲೇ ಕೆಳಗಿನ ಚರ್ಚೂ ಇಟ್ಟಿತು. ಅದೇ ಭಾನುವಾರ, ಅದೇ ಹೊತ್ತು. ಎರಡರ ಪೋಸ್ಟರೂ ನನ್ನ ಅಂಗಡಿಯ ಗಾಜಿನ ಮೇಲೆ ಅಂಟಿದವು. ಬೆಳಗ್ಗೆ ಬಂದವರು ಒಂದನ್ನು ಹರಿದರೆ, ಮಧ್ಯಾಹ್ನ ಬಂದವರು ಇನ್ನೊಂದನ್ನು ಹರಿಯುತ್ತಿದ್ದರು.

ನ್ಯೂಯಾರ್ಕಿನಲ್ಲಿ ಕೇಳಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಸಾತೆನಿಗ್ ಹೇಳಬೇಡ ಎಂದಿದ್ದಳು. "ಎರಡಕ್ಕೂ ಹೋಗ್ತೀನಿ," ಎಂದಳು.

ಎರಡು ಕಡೆಗೂ ರೊಟ್ಟಿ ನನ್ನದೇ. ಮೇಲಿನ ಚರ್ಚಿನ ಸಭಾಂಗಣದಲ್ಲಿ ನಾನು ಬುಟ್ಟಿ ಇಳಿಸುತ್ತಿದ್ದಾಗ ಖೋರೆನ್ ಮೈಕಿನ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದ. ಸಾತೆನಿಗ್ ಕೆಲಸದ ಅಂಗಿಯಲ್ಲೇ ಬಂದಿದ್ದಳು. ಸೀದಾ ಹೋಗಿ ಮೈಕು ಹಿಡಿದಳು.

"ನನ್ನ ಕೈಲಿ ಕೆಲಸ ಇದ್ದಾಗ ಮನೆಗೆ ಬಂದು ಬೈದ್ರಿ, ನನ್ನ ಅನ್ನಕ್ಕೆ ಕಲ್ಲು ಹಾಕಿ ಅಂತ ನ್ಯೂಯಾರ್ಕಿಗೆ ಫೋನ್ ಮಾಡಿದ್ರಿ. ಈಗ ಕೆಲಸ ಹೋದ್ಮೇಲೆ ಪಲಾವ್ ಬಡಿಸ್ತಿದೀರಿ. ನಿಮಗೆ ಬದುಕಿರೋ ಮನುಷ್ಯರು ಆಗಲ್ಲ ಖೋರೆನ್ ಅವ್ರೇ. ಹುತಾತ್ಮರೇ ಬೇಕು. ನಾನಿನ್ನೂ ಸತ್ತಿಲ್ಲ."

ಒಬ್ಬ, "ನಾಚಿಕೆಗೆಟ್ಟವಳು!" ಎಂದ. ಒಬ್ಬಳು, "ಇಳ್ಸ್ರೀ ಅವಳನ್ನ" ಎಂದಳು. ಸಾತೆನಿಗ್ ತಾನೇ ಇಳಿದು ಬಾಗಿಲ ಕಡೆ ನಡೆದಳು. ಆಗ ಮುಂದಿನ ಸಾಲಿನಲ್ಲಿ ಕುರ್ಚಿ ಎಳೆದ ಸದ್ದಾಯಿತು. ಯೆರಾನಿಗ್ ಎದ್ದಿದ್ದಳು. ಮಗಳ ಜೊತೆ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ ಮುದುಕಿ, ಖೋರೆನ್‌ನ ಮೇಜಿನ ಹತ್ತಿರ ಹೋಗಿ ನಿಂತು, "ಫೋನ್ ಮಾಡಿದ್ದು ನಿಜಾನಾ?" ಎಂದಳು. ಅವನು ಕರವಸ್ತ್ರ ಮಡಿಸಿದ. "ಥೂ," ಎಂದಳು ಅವಳು, ಅವನ ತಟ್ಟೆಯ ಕಡೆ ನೋಡಿ. ಮಗಳ ಹಿಂದೆ ನಡೆದಳು.

ಮೂವರೂ ಗುಡ್ಡ ಇಳಿದೆವು. ಕೆಳಗಿನ ಚರ್ಚಿನ ಬಾಗಿಲಿಗೆ ಬಂದಾಗ ಯೆರಾನಿಗ್ ನಿಂತುಬಿಟ್ಟಳು. "ನಾನು ಈ ಹೊಸ್ತಿಲು ದಾಟಲ್ಲ, ನನ್ನ ಹೆಣಾನೂ ದಾಟಲ್ಲ. ನೀನು ಹೋಗಿ ಹೇಳಿ ಬಾ," ಎಂದಳು. ಸಾತೆನಿಗ್ ಒಳಗೆ ಹೋಗಿ ಅದೇ ಮಾತು ಹೇಳಿದಳು, ಖೋರೆನ್ ಬದಲು ಆರ್ಪಿಯ ಹೆಸರು ಹಾಕಿ. ಅಲ್ಲೂ ಅದೇ ಬೈಗುಳ. ಬೋಗೋಸ್ ನಡು ಮೇಜಿನಲ್ಲಿ ಕೂತಿದ್ದ. ಮಗಳು ಅವನನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಅವನು ಏಳಲಿಲ್ಲ. ತಲೆ ತಗ್ಗಿಸಿ ಪಲಾವನ್ನು ಚಮಚದಿಂದ ಆ ಕಡೆ ಈ ಕಡೆ ಸರಿಸಿದ.

ಸಂಜೆ ಮನೆಗೆ ಬಂದವನು ಬೂಟು ಬಿಚ್ಚುತ್ತ, "ಕುರಿ ಮಾಂಸ ಬೆಂದಿರ್ಲಿಲ್ಲ" ಎಂದನಂತೆ. ಅದರ ಮೇಲೆ ಆ ವಿಷಯ ಎತ್ತಲಿಲ್ಲ. ಸಾತೆನಿಗ್ ಅವನನ್ನು ಪೂರ್ತಿ ಕ್ಷಮಿಸಿದಳೆಂದು ನನಗೆ ಅನಿಸುವುದಿಲ್ಲ.

ಅವಳು ಬೋರ್ಡು ಬರೆಯುವ ಕೆಲಸಕ್ಕಿಳಿದಳು. ಮೀನಿನ ಅಂಗಡಿ, ಬೀಗದ ಅಂಗಡಿ, ಲಾಂಡ್ರಿ, ಊರಿನ ಅರ್ಧ ಬೋರ್ಡು ಅವಳ ಕೈಯದು. ಪ್ರತಿಯೊಂದರ ಮೂಲೆಯಲ್ಲಿ ತನ್ನ ಹೆಸರನ್ನು ಪೂರ್ತಿಯಾಗಿ, ಅಷ್ಟುದ್ದ ಬರೆಯುತ್ತಿದ್ದಳು. ಅದು ಬೇಡ ಎಂದ ಅಂಗಡಿಗೆ ಕೆಲಸ ಮಾಡುತ್ತಿರಲಿಲ್ಲ. ಕದ್ದು ತಂದ ಪುಟ ಅಡುಗೆಮನೆಯ ಗೋಡೆ ಸೇರಿತು. ಅದರ ಕೆಳಗೆ ಕೂತು ಅಪ್ಪ ತಟ್ಟೆ ನಮ್ಮದು ಎನ್ನುತ್ತಿದ್ದ, ಅಮ್ಮ ಕಿಟಕಿ ನಮ್ಮದು ಎನ್ನುತ್ತಿದ್ದಳು. ಅವರಿಬ್ಬರ ಜಗಳ ಬೋಗೋಸ್ ಸಾಯುವವರೆಗೂ ನಿಲ್ಲಲಿಲ್ಲ. ಎರಡೂ ಚರ್ಚಿನವರು ಆ ಪುಟ ತಮ್ಮ ಸಭಾಂಗಣಕ್ಕೆ ಕೊಡಿ ಎಂದು ಕೇಳಿ ಕಳಿಸಿದರು. ಅವಳು ಉತ್ತರ ಕೊಡಲಿಲ್ಲ.

ಬೋಗೋಸನ ಶವಸಂಸ್ಕಾರ ಕೆಳಗಿನ ಚರ್ಚಿನಲ್ಲಿ ನಡೆಯಿತು. ಅವಳು ಕೊನೆಯ ಬೆಂಚಿನಲ್ಲಿ ಕೂತು, ಮುಗಿದ ಕೂಡಲೇ ಎದ್ದು ಬಂದಳು. ಎರಡು ಚಳಿಗಾಲ ಕಳೆದು ಯೆರಾನಿಗ್ ಹೋದಳು. ಅವಳದ್ದು ಮೇಲಿನ ಚರ್ಚಿನಲ್ಲಿ. ಬಾಗಿಲಲ್ಲಿ ಖೋರೆನ್ ಊರುಗೋಲು ಹಿಡಿದು ನಿಂತಿದ್ದ, ಕೂದಲೆಲ್ಲ ಹೋಗಿತ್ತು. ಕೈ ಚಾಚಿದ.

"ಆಗಿದ್ದು ಆಗ್ಹೋಯ್ತು ಮಗಳೇ. ನಾವೂ ಮುದುಕರಾದ್ವಿ."

"ಅದು ಕಾಣ್ತಿದೆ," ಎಂದಳು ಸಾತೆನಿಗ್. ಕೈ ಕೊಡಲಿಲ್ಲ. ಅವನ ಕೈ ಗಾಳಿಯಲ್ಲೇ ಇತ್ತು, ಇವಳು ಪಕ್ಕದಿಂದ ಒಳಗೆ ಹೋದಳು.

ಈ ಸಲ ಅವಳು ಮುಂದಿನ ಬೆಂಚಿನಲ್ಲಿ, ಶವದ ಪಕ್ಕ ನಿಂತಳು, ನಾನು ಅವಳ ಪಕ್ಕ. ಪ್ರಾರ್ಥನೆ ಶುರುವಾಯಿತು. ಅದು ಹಳೆಯ ಆರ್ಮೇನಿಯನ್ ಭಾಷೆಯದು, ನಮ್ಮಲ್ಲಿ ಮುಕ್ಕಾಲು ಜನಕ್ಕೆ ಪುಸ್ತಕ ನೋಡದೆ ಬರುವುದಿಲ್ಲ, ನೋಡಿದರೂ ಅರ್ಥವಾಗುವುದಿಲ್ಲ. ನನ್ನ ಪಕ್ಕದಿಂದ ದಪ್ಪನೆಯ ದನಿಯೊಂದು ಎದ್ದಿತು. ಸಾತೆನಿಗ್ ಹಾಡುತ್ತಿದ್ದಳು. ಅವಳ ಕೈಯಲ್ಲಿ ಪುಸ್ತಕ ಇರಲಿಲ್ಲ. ಒಂದು ಸಾಲು ತಪ್ಪಲಿಲ್ಲ, ಒಂದು ಪದ ನುಂಗಲಿಲ್ಲ. ಗಾಯಕರು ಎಡವಿದ ಕಡೆಯಲ್ಲೂ ಅವಳ ದನಿ ಮುಂದೆ ಹೋಯಿತು. ಫಾದರ್ ಒಮ್ಮೆ ತಿರುಗಿ ನೋಡಿದರು. ನನ್ನ ಹಿಂದಿನ ಹೆಂಗಸರು ಗುಸುಗುಸು ಶುರು ಮಾಡಿದರು. ಸಾತೆನಿಗ್ ಯಾರ ಕಡೆಗೂ ನೋಡಲಿಲ್ಲ. ಕತ್ತೆತ್ತಿದ್ದಳು, ಕಣ್ಣು ಮೇಲಿತ್ತು. ಕೊನೆಯ ಆಮೆನ್ ತನಕ ಹಾಡಿ, ಅಮ್ಮನ ಹಣೆಗೆ ಮುತ್ತಿಟ್ಟು, ನನ್ನ ತೋಳು ಹಿಡಿದು, "ನಡಿ, ಇವರ ಕಾಫಿ ಕುಡಿಯೋದು ಬೇಡ," ಎಂದಳು.